ಹೊಳೆ ಬದಿಯ ಮನೆ: ಕೊಳ್ಳುವ ಮುನ್ನ ಎತ್ತರ ಅಳೆಯಿರಿ

ಕರಾವಳಿಯ ಹೊಳೆ ಬದಿಯಲ್ಲಿ ಒಂದು ಹಳೆಯ ಹೆಂಚಿನ ಮನೆ, ಸುತ್ತ ಒಂದಿಷ್ಟು ತೆಂಗು, ಅಡಿಕೆ, ಅಂಗಳದಲ್ಲಿ ಬಾವಿ. ಇಂಥದ್ದನ್ನು ಹುಡುಕಿಕೊಂಡು ಬೆಂಗಳೂರಿನಿಂದ, ಮುಂಬೈಯಿಂದ, ಗಲ್ಫ್‌ನಿಂದ ಬರುವವರು ಹೆಚ್ಚಾಗಿ ನವೆಂಬರ್ ಮತ್ತು ಮಾರ್ಚ್ ನಡುವೆ ಬರುತ್ತಾರೆ. ರಜೆ ಸಿಗುವುದು ಆಗ, ದಾರಿ ಒಣಗಿರುವುದು ಆಗ, ಬ್ರೋಕರ್ ತೋರಿಸುವುದೂ ಆಗಲೇ. ಆ ದಿನಗಳಲ್ಲಿ ಹೊಳೆ ತನ್ನ ಪಾತ್ರದ ನಡುವೆ ತಿಳಿಯಾಗಿ ಹರಿಯುತ್ತಿರುತ್ತದೆ, ಎರಡೂ ಬದಿಗೆ ಮರಳಿನ ದಿಣ್ಣೆ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, ಹೊಳೆ ಮನೆಯಿಂದ ಎಷ್ಟು ದೂರ ಎಂಬುದು. ಮಾರುವವರು ಸುಳ್ಳೇನೂ ಹೇಳದೆ ನೂರು ಮೀಟರ್ ಎನ್ನುತ್ತಾರೆ. ಇಬ್ಬರಿಗೂ ಸಮಾಧಾನವಾಗುತ್ತದೆ. ಆದರೆ ಮನೆಗೆ ನೀರು ನುಗ್ಗುತ್ತದೋ ಇಲ್ಲವೋ ಎಂಬುದು ಆ ಉತ್ತರದಿಂದ ತಿಳಿಯುವುದೇ ಇಲ್ಲ. ದಡದಿಂದ 30 ಮೀಟರ್‌ನಲ್ಲಿದ್ದರೂ ದಿಬ್ಬದ ಮೇಲಿರುವ ಮನೆಯ ಜಗುಲಿ ಒಣಗಿರುತ್ತದೆ; 300 ಮೀಟರ್ ಆಚೆ ಗದ್ದೆ ಬಯಲಿನಲ್ಲಿ ಕಟ್ಟಿದ ಮನೆಯೊಳಗೆ ಸೊಂಟಮಟ್ಟ ನೀರು ನಿಲ್ಲುತ್ತದೆ. ಹೊಳೆ ಬದಿಯಲ್ಲಿ ನೀವು ದುಡ್ಡು ಕೊಟ್ಟು ಕೊಳ್ಳುವುದು ಒಂದು ಎತ್ತರವನ್ನು. ಬೆಲೆ, ಕಾಗದಪತ್ರ, ಬಾವಿ, ದಾರಿ, ವಿಮೆ ಎಲ್ಲವನ್ನೂ ಆ ಎತ್ತರ ಗೊತ್ತಾದ ಮೇಲೆ ನೋಡಬೇಕು.

ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳ ಸ್ವಭಾವ ತಿಳಿದರೆ ಇದರ ಕಾರಣವೂ ತಿಳಿಯುತ್ತದೆ. ಘಟ್ಟಕ್ಕೂ ಕಡಲಿಗೂ ನಡುವೆ ಅಂತರ ಕಡಿಮೆ; ನೇತ್ರಾವತಿಯಂಥ ದೊಡ್ಡ ಹೊಳೆಯ ಉದ್ದವೂ ನೂರು ಕಿಲೋಮೀಟರ್ ಆಸುಪಾಸು. ಮಹಾರಾಷ್ಟ್ರದ ಜಲಾಶಯಗಳಿಂದ ಹೊರಟ ಕೃಷ್ಣೆಯ ಪ್ರವಾಹ ಬಾಗಲಕೋಟೆ ತಲುಪುವಷ್ಟರಲ್ಲಿ ಜನರಿಗೆ ಎಚ್ಚರಿಕೆ ಸಿಕ್ಕಿರುತ್ತದೆ. ಇಲ್ಲಿ ಘಟ್ಟದಲ್ಲಿ ರಾತ್ರಿ ಸುರಿದ ಮಳೆ ಬೆಳಿಗ್ಗೆ ತೋಟದಲ್ಲಿರುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನೇತ್ರಾವತಿಯನ್ನು ಸೇರುತ್ತದೆ. ಎರಡೂ ಒಟ್ಟಿಗೆ ಏರಿ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಕೂಡಿದರೆ ಅಲ್ಲಿಯವರು ಸಂಗಮವೆಂದು ಪೂಜಿಸುತ್ತಾರೆ. ಅದೇ ನೀರು ಕೆಳಗಿನ ಪಾಣೆಮಂಗಳೂರು, ಬಂಟ್ವಾಳಕ್ಕೆ ನೆರೆಯಾಗಿ ಬರುತ್ತದೆ. ಕಡಲಿಗೆ ಹತ್ತಿರದ ಊರುಗಳಲ್ಲಿ ಭರತವೂ ಲೆಕ್ಕಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ಹೊತ್ತಿಗೆ ಹೊಳೆಯ ನೀರು ಅಳಿವೆಯಲ್ಲಿ ಹೊರಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಆಗ ನೀರು ಪಾತ್ರ ಬಿಟ್ಟು ಹರಡುವುದು ಗದ್ದೆ ಬಯಲಿಗೆ. ಬಯಲು ಅಷ್ಟು ಸಮತಟ್ಟಾಗಿರುವುದಕ್ಕೂ ಅಲ್ಲಿಯ ಮಣ್ಣು ಅಷ್ಟು ಫಲವತ್ತಾಗಿರುವುದಕ್ಕೂ ಕಾರಣ ಒಂದೇ: ಹೊಳೆ ಎಷ್ಟೋ ಕಾಲದಿಂದ ತಂದು ಹಾಸಿದ ಮೆಕ್ಕಲು ಅದು. ಬೇಸಿಗೆಯಲ್ಲಿ ಬರಿದಾಗಿ ಕಂಡರೂ ಬಯಲು ಹೊಳೆಯದೇ ಜಾಗ. ಊರಿನ ಹಳೆಯ ಮನೆಗಳು ಎಲ್ಲಿವೆಯೆಂದು ಒಮ್ಮೆ ಗಮನಿಸಿ. ಬಯಲು ಮುಗಿದು ಗುಡ್ಡ ಏರತೊಡಗುವ ಅಂಚಿನಲ್ಲಿ, ನಾಲ್ಕಾರು ಮೆಟ್ಟಿಲು ಹತ್ತಿ ಹೋಗುವಂತೆ ಅವು ಇರುತ್ತವೆ. ಬಯಲಿನ ನಡುವಿನ ಮನೆಗಳು ಹೆಚ್ಚಾಗಿ ಡಾಂಬರು ರಸ್ತೆ ಬಂದ ಮೇಲೆ ಎದ್ದವು.

ಅಳೆಯುವುದು ಹೇಗೆ

1. ನೆರೆಯ ಗುರುತು ಹುಡುಕಿ. ನೆರೆ ಬಂದು ಹೋದ ಜಾಗದಲ್ಲಿ ಅದರ ಕುರುಹು ವರ್ಷಗಟ್ಟಲೆ ಉಳಿಯುತ್ತದೆ. ಹೊಸ ಬಣ್ಣ ಹೊಡೆದ ಮನೆಯಲ್ಲೂ ಉಳಿಯುತ್ತದೆ. ಹೊಳೆ ಬದಿಯ ಬಿದಿರು ಮೆಳೆಯ ಕೊಂಬೆಗಳನ್ನು ತಲೆಯೆತ್ತಿ ನೋಡಿ. ಹುಲ್ಲು, ಪ್ಲಾಸ್ಟಿಕ್ ಚೀಲ, ಹರಿದ ಬಟ್ಟೆ ಸಿಕ್ಕಿಕೊಂಡಿದ್ದರೆ ನೀರು ಅಷ್ಟು ಎತ್ತರಕ್ಕೆ ಬಂದಿತ್ತು ಎಂದೇ ಅರ್ಥ. ಅಡಿಕೆ ಮರದ ಬುಡದಿಂದ ಒಂದು ಮಟ್ಟದವರೆಗೆ ಕೆಸರಿನ ಬಣ್ಣ ಹಿಡಿದಿರುತ್ತದೆ. ಮನೆಯೊಳಗೆ ಕಪಾಟನ್ನು ಸ್ವಲ್ಪ ಸರಿಸಿ ಹಿಂದಿನ ಗೋಡೆ ನೋಡಿ. ಮುರಕಲ್ಲಿನ ಗೋಡೆಯಾದರೆ ಗಾರೆ ಉಬ್ಬಿ ಬಿಳಿ ಉಪ್ಪು ಎದ್ದಿರುವ ಗೆರೆ ಎಲ್ಲಿ ನಿಲ್ಲುತ್ತದೆ ಗುರುತಿಸಿ. ಕೊಟ್ಟಿಗೆ, ಪಂಪ್‌ಶೆಡ್ಡಿನ ಗೋಡೆಗಳಿಗೆ ಯಾರೂ ಬಣ್ಣ ಬಳಿಯುವುದಿಲ್ಲ, ಅಲ್ಲಿ ಗೆರೆ ಇನ್ನೂ ಸ್ಪಷ್ಟ. ಮನೆಯ ಪ್ಲಗ್ ಪಾಯಿಂಟುಗಳೆಲ್ಲ ಎದೆಮಟ್ಟದಲ್ಲಿದ್ದರೆ, ಬಾವಿಕಟ್ಟೆಗೆ ಎರಡನೇ ಸಲ ಕಲ್ಲು ಏರಿಸಿದ ಗುರುತಿದ್ದರೆ, ಪಂಪನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದ್ದರೆ, ಅಲ್ಲಿದ್ದವರು ನೀರಿನಿಂದ ಪಾಠ ಕಲಿತಿದ್ದಾರೆ ಎಂದು ತಿಳಿಯಿರಿ. ಆಮೇಲೆ ಊರಿನ ಹಿರಿಯರನ್ನು ಕೇಳಿ. ಇಲ್ಲಿ ನೆರೆ ಬರುತ್ತದೆಯೇ ಎಂದು ಕೇಳಿದರೆ, ಮಾರುವವರ ಮನಸ್ಸು ನೋಯಿಸಬಾರದೆಂದು ಹಾರಿಕೆಯ ಉತ್ತರ ಕೊಟ್ಟಾರು. 2019ರ ದೊಡ್ಡ ನೆರೆಯಲ್ಲಿ ನೀರು ಯಾವ ಮೆಟ್ಟಿಲಿಗೆ ಬಂದಿತ್ತು, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಿದ್ದಿರಿ ಎಂದು ಕೇಳಿ. ಕೈ ಎತ್ತಿ ತೋರಿಸಿಯೇ ಹೇಳುತ್ತಾರೆ.

2. ಆ ಗುರುತನ್ನು ನಿಮ್ಮ ಮನೆಯ ಪಂಚಾಂಗಕ್ಕೆ ತನ್ನಿ. ಪಕ್ಕದ ಮನೆಯ ಗೋಡೆಯಲ್ಲೋ ದೇವಸ್ಥಾನದ ಕಂಬದಲ್ಲೋ ಗುರುತು ಸಿಕ್ಕಿದರೆ ಸಾಲದು. ಕಣ್ಣಳತೆ ಇಲ್ಲಿ ನಂಬಿಕೆಗೆ ಅರ್ಹವಲ್ಲ, ಇಳಿಜಾರಿನ ನೆಲ ಕಣ್ಣಿಗೆ ಮೋಸ ಮಾಡುತ್ತದೆ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು. ಪೈಪಿನೊಳಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಗುರುತಿನ ಪಕ್ಕ, ಇನ್ನೊಂದನ್ನು ನಿಮ್ಮ ಜಗುಲಿಯ ಪಕ್ಕ ಹಿಡಿಯಬೇಕು. ನೀರು ಅಲುಗಾಡುವುದು ನಿಂತಾಗ ಎರಡೂ ತುದಿಯ ನೀರಿನ ಮೇಲ್ಮೈ ಒಂದೇ ಎತ್ತರದಲ್ಲಿರುತ್ತದೆ. ನಡುವೆ ನೆಲ ಎಷ್ಟು ಏರಿಳಿದರೂ ಇದು ತಪ್ಪುವುದಿಲ್ಲ. ಗುರುತಿನ ಕಡೆಯ ನೀರು ಗೆರೆಗೆ ಸರಿಹೊಂದಿದ ಕ್ಷಣ ನಿಮ್ಮ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಆ ನೆರೆಯಲ್ಲಿ ನಿಮ್ಮ ಮನೆಗೆ ಬಂದ ನೀರಿನ ಮಟ್ಟ ಅದೇ. ಅಂತರ ಹೆಚ್ಚಿದ್ದರೆ ನಡುವೆ ಗೂಟ ನೆಟ್ಟು ಹಂತಹಂತವಾಗಿ ತರಬೇಕು, ತಂದ ಮೇಲೆ ತಿರುಗಿ ಮೊದಲ ಗುರುತಿನವರೆಗೆ ಅಳೆದು ತಾಳೆ ನೋಡಬೇಕು. ಇನ್ನೂ ದೂರವಾದರೆ ಡಂಪಿ ಲೆವೆಲ್ ಇರುವ ಸರ್ವೆಯರ್ ಒಬ್ಬರನ್ನು ಅರ್ಧ ದಿನ ಕರೆಸಿ. ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರದಲ್ಲಿ ಅದು ಖರ್ಚೇ ಅಲ್ಲ. ಒಂದು ಎಚ್ಚರಿಕೆ: ನೆರೆಯ ನೀರು ಕೆರೆಯ ನೀರಿನಂತೆ ಸಪಾಟಾಗಿರುವುದಿಲ್ಲ, ಹೊಳೆಯ ಜೊತೆಗೆ ಇಳಿಜಾರಾಗಿರುತ್ತದೆ. ಆದ್ದರಿಂದ ಗುರುತು ನಿಮ್ಮ ಜಾಗಕ್ಕೆ ಹತ್ತಿರದ್ದಾಗಿರಲಿ. ಸಾಧ್ಯವಾದರೆ ಮೇಲೊಂದು, ಕೆಳಗೊಂದು ಎರಡು ಗುರುತು ಹಿಡಿಯಿರಿ. ನಡುವೆ ಸೇತುವೆಯೋ ಕಿಂಡಿ ಅಣೆಕಟ್ಟೋ ಇದ್ದರೆ ಅದರ ಆಚೆಯ ಗುರುತು ಈಚೆಗೆ ನಡೆಯುವುದಿಲ್ಲ. ಮರದ ದಿಮ್ಮಿ, ಕಸ ಸಿಕ್ಕಿಕೊಂಡು ಅವುಗಳ ಮೇಲ್ಬದಿಯಲ್ಲಿ ನೀರು ಹೆಚ್ಚು ಏರುತ್ತದೆ.

ಹಾಗಾದರೆ ಎಷ್ಟು ಎತ್ತರ ಬೇಕು? ಊರಿನವರಿಗೆ ನೆನಪಿರುವ ಅತಿ ದೊಡ್ಡ ನೆರೆಯ ಗೆರೆಗಿಂತ ಮನೆಯ ನೆಲ ಮೂರು ಅಡಿಯಾದರೂ ಮೇಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಳೆಯ ಪಾತ್ರ ಬದಲಾಗುತ್ತದೆ, ಬಯಲಿನಲ್ಲಿ ಹೊಸ ಕಟ್ಟಡ, ರಸ್ತೆ ಏರಿ ಎದ್ದು ನೀರಿಗೆ ಜಾಗ ಕಡಿಮೆಯಾಗುತ್ತದೆ. ಹಿಂದಿನ ಗೆರೆಯೇ ಕೊನೆಯ ಗೆರೆ ಎನ್ನಲು ಆಧಾರವಿಲ್ಲ. ಗೆರೆ ನೆಲದಿಂದ ಒಂದೆರಡು ಅಡಿ ಮೇಲೆ ಬಂದರೆ ಮನೆ ಕೊಳ್ಳಲೇಬಾರದು ಎಂದೇನಿಲ್ಲ. ಆದರೆ ಮಲಗಲು, ಅಡುಗೆ ಮಾಡಲು ಯೋಗ್ಯವಾದ ಮಹಡಿ ಇರಬೇಕು, ವಯರಿಂಗ್ ಎಲ್ಲ ಮೇಲಕ್ಕೆ ಹೋಗಬೇಕು, ಅದರ ಖರ್ಚು ಬೆಲೆಯಲ್ಲಿ ಕಳೆಯಬೇಕು. ಗೆರೆ ಎದೆಮಟ್ಟಕ್ಕೆ ಬಂದರೆ ತೋಟವೆಂದು ಕೊಳ್ಳಿ, ಮನೆಯೆಂದು ಬೇಡ.

3. ದಾರಿಯ ಅತಿ ತಗ್ಗಿನ ಜಾಗವನ್ನೂ ಅಳೆಯಿರಿ. ಮನೆ ದಿಬ್ಬದ ಮೇಲಿದ್ದು ದಾರಿ ತೋಡು ದಾಟಿ ಬರುವುದಾದರೆ ಮಳೆಗಾಲದಲ್ಲಿ ಅದು ದ್ವೀಪ. ಹೊಳೆಯ ನಡುವಿನ ಕುದ್ರುಗಳಲ್ಲಿ ಹುಟ್ಟಿ ಬೆಳೆದವರಿಗೆ ಇದು ಗೊತ್ತಿದೆ. ಅವರು ಅಕ್ಕಿ, ಮದ್ದು, ಸೀಮೆಎಣ್ಣೆಯನ್ನು ಮೊದಲೇ ಕೂಡಿಡುತ್ತಿದ್ದರು. ಗರ್ಭಿಣಿಯೋ ಹೃದಯದ ಕಾಯಿಲೆಯವರೋ ಮನೆಯಲ್ಲಿದ್ದರೆ ಮನೆಯ ಎತ್ತರಕ್ಕಿಂತ ಕಾಲುಸಂಕದ ಎತ್ತರವೇ ಮುಖ್ಯವಾದೀತು. ಅದು ಅಡಿಕೆ ಮರದ ಸಂಕವೋ ಕಾಂಕ್ರೀಟಿನದೋ, ಕಾರು ನಿಲ್ಲಿಸುವ ಜಾಗ ಯಾವ ದಡದಲ್ಲಿ ಎಂದು ನೋಡಿಕೊಳ್ಳಿ.

4. ದಂಡೆಯ ಸ್ವಭಾವ ತಿಳಿಯಿರಿ. ಹೊಳೆ ತಿರುಗುವಲ್ಲಿ ಹೊರಬದಿಯ ದಂಡೆಯನ್ನು ಕೊರೆಯುತ್ತದೆ, ಒಳಬದಿಗೆ ಮರಳು ತಂದು ಹಾಕುತ್ತದೆ. ಹೊರ ತಿರುವಿನ ಜಾಗಕ್ಕೆ ನೋಟ ಚೆನ್ನ, ನೀರು ಆಳ, ಆಯಸ್ಸು ಕಡಿಮೆ. ಬೇರು ಹೊರಬಂದ ತೆಂಗು, ಹೊಳೆಯತ್ತ ಬಾಗಿದ ಮರ, ದಡಕ್ಕೆ ಸಮಾನಾಂತರವಾಗಿ ಅಂಗಳದಲ್ಲಿ ಬಿಟ್ಟ ಬಿರುಕು ಇವನ್ನು ಕಂಡರೆ ಅಲ್ಲಿಗೇ ನಿಲ್ಲಿಸಿ. ದಂಡೆ ಕುಸಿಯುವುದು ನೀರು ಏರುವಾಗಲೇ ಎಂದು ಹಲವರು ತಿಳಿದಿದ್ದಾರೆ. ನೀರು ಸರ್ರನೆ ಇಳಿಯುವಾಗಲೇ ಅಪಾಯ ಹೆಚ್ಚು. ತುಂಬಿದ ಹೊಳೆ ದಂಡೆಯನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ಅದು ಇಳಿದಾಗ ಆ ಒತ್ತಾಸೆ ಹೋಗುತ್ತದೆ, ಒಳಗಿನ ಮಣ್ಣು ಮಾತ್ರ ಇನ್ನೂ ನೀರು ಕುಡಿದು ಭಾರವಾಗಿರುತ್ತದೆ. ಮರಳು ತೆಗೆದು ಪಾತ್ರ ಆಳವಾದ ಕಡೆಗಳಲ್ಲಿ ದಂಡೆಯ ಬುಡವೇ ಬರಿದಾಗಿ ಇದು ಇನ್ನೂ ಸುಲಭವಾಗುತ್ತದೆ. ಇದರ ಜೊತೆಗೆ ಎದುರು ದಡವನ್ನೂ ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಮಣ್ಣು ಗಂಗಾವಳಿ ಹೊಳೆಗೆ ಬಿದ್ದಾಗ, ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡ ಕಡಿದು ರಸ್ತೆ ಮಾಡಿದ್ದು ಒಂದು ದಡದಲ್ಲಿ, ಮನೆ ಕಳೆದುಕೊಂಡವರು ಇನ್ನೊಂದು ದಡದವರು.

5. ಬಾವಿ ಮತ್ತು ಶೌಚದ ಗುಂಡಿಯನ್ನು ಒಟ್ಟಿಗೆ ನೋಡಿ. ಹೊಳೆ ಬದಿಯಲ್ಲಿ ಮಳೆಗಾಲದ ಅಂತರ್ಜಲ ನೆಲದ ಮಟ್ಟಕ್ಕೇ ಬಂದಿರುತ್ತದೆ. ಗುಂಡಿಯ ನೀರು ಇಂಗಲು ಜಾಗವಿಲ್ಲದೆ ಶೌಚಾಲಯ ಹಿಮ್ಮುಖವಾಗಿ ತುಂಬುತ್ತದೆ, ಅದೇ ನೀರು ಮಣ್ಣಿನೊಳಗೆ ಬಾವಿಗೂ ಸಾಗುತ್ತದೆ. ಗುಂಡಿ ಬಾವಿಗಿಂತ ತಗ್ಗಿನಲ್ಲಿ, ಆದಷ್ಟು ದೂರದಲ್ಲಿ ಇರಬೇಕು. ಬಯಲಿನಲ್ಲಾದರೆ ನೆಲದ ಮೇಲೆ ಎತ್ತರಿಸಿ ಕಟ್ಟಿದ, ತಳ ಮುಚ್ಚಿದ ಟ್ಯಾಂಕೇ ಮೇಲು. ಅಳಿವೆಗೆ ಹತ್ತಿರದ ಊರಾದರೆ ಬಾವಿ ನೀರನ್ನು ಏಪ್ರಿಲ್, ಮೇನಲ್ಲಿ ಪರೀಕ್ಷಿಸಿ. ಜನವರಿಯಲ್ಲಿ ಸಿಹಿಯಿದ್ದ ಬಾವಿಗೆ ಹೊಳೆ ಸೊರಗಿದಾಗ ಉಪ್ಪು ಏರುತ್ತದೆ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ಎಂಬುದು ಭಾರತೀಯ ಮಾನಕ. ಮೇಲ್ಬದಿಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಯಾವಾಗ, ತೆಗೆಯುವುದು ಯಾವಾಗ ಎಂದೂ ಕೇಳಿಕೊಳ್ಳಿ. ಹಲಗೆ ಹಾಕಿದ ಮೇಲೆ ಸುತ್ತಲ ಬಾವಿಗಳ ನೀರು ಏರುತ್ತದೆ, ತಗ್ಗಿನ ತೋಟಕ್ಕೆ ತೇವ ಹೆಚ್ಚುತ್ತದೆ.

ಕೇಳಿಬರುವ ಆಕ್ಷೇಪಗಳು

ನಲವತ್ತು ವರ್ಷದಿಂದ ನೀರು ಬಂದಿಲ್ಲ ಎಂಬ ಮಾತು ಎಲ್ಲ ಊರಿನಲ್ಲೂ ಇದೆ, ಹಲವು ಕಡೆ ಅದು ನಿಜವೂ ಹೌದು. ಆದರೆ ಅದರಿಂದ ಏನು ತೀರ್ಮಾನಿಸಬಹುದು? ಬಂಟ್ವಾಳದ ಸುತ್ತ ಜನ ಇಸವಿ ಹಿಡಿದು ನೆನೆಯುವ ನೆರೆಗಳು 1923 ಮತ್ತು 1974ರವು, ನಡುವೆ 51 ವರ್ಷ. ಅಲ್ಲಿಂದ 2019ರ ಆಗಸ್ಟಿನ ನೆರೆಗೆ 45 ವರ್ಷ. 2018ರಲ್ಲಿ ಮನೆ ಮಾರಿದವರು ನಲವತ್ತು ವರ್ಷದಿಂದ ಅಂಥ ನೆರೆ ಕಂಡಿಲ್ಲ ಎಂದಿದ್ದರೆ ಅದರಲ್ಲಿ ಸುಳ್ಳಿರಲಿಲ್ಲ. ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡೋಣ. ಸರಾಸರಿ 50 ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಪ್ರತಿ ವರ್ಷವೂ ನೂರಕ್ಕೆ ಎರಡರಷ್ಟು ಸಾಧ್ಯತೆ. ನೀವು 20 ವರ್ಷದ ಸಾಲ ತೆಗೆದು ಮನೆ ಕೊಂಡರೆ, ಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ಕಳೆದ ವರ್ಷ ಬಂದು ಹೋಯಿತಲ್ಲ, ಇನ್ನು ಐವತ್ತು ವರ್ಷ ಚಿಂತೆಯಿಲ್ಲ ಎನ್ನುವುದೂ ಅಷ್ಟೇ ತಪ್ಪು. ಹೊಳೆ ಸರದಿ ನೋಡಿ ಬರುವುದಿಲ್ಲ.

ಮೇಲೆ ಅಣೆಕಟ್ಟಿದೆ, ಅದು ತಡೆಯುತ್ತದೆ ಎಂಬುದು ಎರಡನೆಯದು. ಇದರಲ್ಲಿ ಅರ್ಧ ಸತ್ಯವಿದೆ: ಸಣ್ಣಪುಟ್ಟ ನೆರೆಯನ್ನು ಜಲಾಶಯ ನುಂಗುತ್ತದೆ. ಆದರೆ ನಮ್ಮ ಜಲವಿದ್ಯುತ್ ಜಲಾಶಯಗಳ ಗುರಿ ನೀರು ತುಂಬಿಸಿಕೊಳ್ಳುವುದು. ಜಲಾಶಯ ತುಂಬಿರುವಾಗಲೇ ದೊಡ್ಡ ಮಳೆ ಬಂದರೆ ಗೇಟು ತೆರೆಯದೆ ಗತಿಯಿಲ್ಲ. 2019ರಲ್ಲೂ 2021ರಲ್ಲೂ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾಳಿ ನದಿ ದಂಡೆಯ ಊರುಗಳಿಗೆ ನುಗ್ಗಿತು. ಅಣೆಕಟ್ಟು ಕಟ್ಟಿದ ಮೇಲೆ ಸಣ್ಣ ನೆರೆಗಳು ನಿಂತು ಜನ ಧೈರ್ಯದಿಂದ ಇನ್ನೂ ತಗ್ಗಿಗೆ ಇಳಿದು ಮನೆ ಕಟ್ಟುತ್ತಾರೆ, ದೊಡ್ಡ ನೆರೆ ಬಂದಾಗ ನಷ್ಟ ಹಿಂದಿನದಕ್ಕಿಂತ ಹೆಚ್ಚಾಗುತ್ತದೆ. ಇನ್ನು ಗಂಗಾವಳಿಗೆ ದೊಡ್ಡ ಅಣೆಕಟ್ಟೇ ಇಲ್ಲ, ಘಟ್ಟದ ಮಳೆ ನೇರವಾಗಿ ಬರುತ್ತದೆ. ಯಾವ ಹೊಳೆಯ ಬದಿಗೆ ಹೋಗುತ್ತಿದ್ದೀರಿ ಎಂಬುದರ ಮೇಲೆ ಅಪಾಯದ ಬಗೆ ಬೇರೆಯಾಗುತ್ತದೆ.

ತಡೆಗೋಡೆ ಕಟ್ಟಿಕೊಳ್ಳುತ್ತೇನೆ, ಮಣ್ಣು ತುಂಬಿಸಿ ಎತ್ತರಿಸುತ್ತೇನೆ ಎನ್ನುವವರು ಇದ್ದಾರೆ. ತಡೆಗೋಡೆ ದಂಡೆ ಕೊರೆಯುವುದನ್ನು ನಿಧಾನಿಸಬಹುದು, ಏರುವ ನೀರನ್ನು ತಡೆಯಲಾರದು; ನೀರು ಹಿಂದಿನ ತೋಡಿನಿಂದಲೂ ಬಯಲಿನಿಂದಲೂ ಬರುತ್ತದೆ, ಕೆಲವೊಮ್ಮೆ ಅದೇ ಗೋಡೆ ಅದನ್ನು ಒಳಗೇ ಕೂಡಿಹಾಕುತ್ತದೆ. ಮಣ್ಣು ತುಂಬಿಸಿದರೆ ನಿಮ್ಮಲ್ಲಿಗೆ ಬರಬೇಕಾದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಊರಿಗೆ ಹೊಸಬರಾಗಿ ಬಂದವರು ತೋಡು ಮುಚ್ಚಿ ಮೊದಲ ಮಳೆಗಾಲದಲ್ಲೇ ನಾಲ್ಕು ಮನೆಯ ವೈರ ಕಟ್ಟಿಕೊಳ್ಳುವುದು ಬೇಡ. ಎತ್ತರ ಬೇಕೇಬೇಕಾದರೆ ಕಂಬದ ಮೇಲೆ ಮನೆ ಕಟ್ಟಿ, ನೀರಿಗೆ ಅಡಿಯಲ್ಲಿ ದಾರಿ ಬಿಡಿ.

ಅಷ್ಟು ಅಪಾಯವಿದ್ದರೆ ಊರವರು ತಲೆತಲಾಂತರದಿಂದ ಹೇಗೆ ಬದುಕಿದ್ದಾರೆ ಎಂಬ ಪ್ರಶ್ನೆ ಎಲ್ಲಕ್ಕಿಂತ ಬಲವಾದದ್ದು, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಅವರ ಅನ್ನ ಹೊಳೆಯಲ್ಲಿದೆ, ಗದ್ದೆಯಲ್ಲಿದೆ. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಟ್ಟರೂ ಹಲವರು ಹಳೆಯ ಊರಿಗೇ ಮರಳಿದ್ದು, ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂಬ ಕಾರಣಕ್ಕೆ. ಹೊಳೆ ಬದಿಯವರಿಗೆ ದೋಣಿ ಗೊತ್ತು, ಸೆಳೆತ ಗೊತ್ತು, ದಿಬ್ಬದ ಮೇಲೆ ನೆಂಟರ ಮನೆಯಿದೆ. 2019ರಲ್ಲಿ ಕೊಡಗಿನ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ದಂಡೆಯ ಮನೆ ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿ ಬೇರೆ ಜಾಗ ಕೊಳ್ಳಲಾಗದೆ ಅಲ್ಲಿದ್ದ ಕೂಲಿಕಾರರು. ಆಯ್ಕೆಯಿಲ್ಲದೆ ಅಲ್ಲಿರುವವರನ್ನು ತೋರಿಸಿ, ಆಯ್ಕೆಯಿರುವವರು ಧೈರ್ಯ ತಂದುಕೊಳ್ಳುವುದು ಸರಿಯಲ್ಲ.

ಕಾಗದಪತ್ರ: ಹೊಳೆ ಬದಿಗೆ ವಿಶೇಷವಾದವು

ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ಕುಟುಂಬದ ಎಲ್ಲ ಹಕ್ಕುದಾರರ ಸಹಿ ಇವನ್ನು ಯಾವ ವಕೀಲರೂ ನೋಡುತ್ತಾರೆ. ಹೊಳೆ ಬದಿಯ ಜಾಗಕ್ಕೆ ಇನ್ನೂ ಕೆಲವು ತೊಡಕುಗಳಿವೆ. ಮೊದಲನೆಯದು ಚಕ್ಕುಬಂದಿ. ಪತ್ರದಲ್ಲಿ ‘ಪಶ್ಚಿಮಕ್ಕೆ ಹೊಳೆ’ ಎಂದಿರುತ್ತದೆ. ಹೊಳೆ ಕದಲದ ಗಡಿಕಲ್ಲಲ್ಲ. ಹಳೆಯ ಸರ್ವೆಯ ಕಾಲದಲ್ಲಿದ್ದ ದಂಡೆಯನ್ನು ಅದು ತಿಂದು ಹಾಕಿರಬಹುದು. ಪಹಣಿಯಲ್ಲಿ ಮಾತ್ರ ಹಳೆಯ ವಿಸ್ತೀರ್ಣವೇ ಮುಂದುವರಿಯುತ್ತದೆ. ಪಹಣಿಯ 42 ಸೆಂಟ್ಸ್ ಅಳತೆಯಲ್ಲಿ 35 ಆಗಿ ನಿಂತರೆ ಉಳಿದ ಏಳು ಸೆಂಟ್ಸಿಗೆ ನೀವು ಕೊಡುವ ದುಡ್ಡು ನೀರಿಗೆ ಹೋಗುತ್ತದೆ. ಹೊಳೆಯ ಪಾತ್ರ ಸರ್ಕಾರದ್ದೆಂದು ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು ಹೇಳುವುದರಿಂದ ಅದನ್ನು ಮರಳಿ ಕೇಳುವ ದಾರಿಯೂ ಸುಲಭವಿಲ್ಲ. ಮುಂಗಡ ಕೊಡುವ ಮೊದಲೇ ಸರ್ವೆ ಇಲಾಖೆಯಿಂದ ಹದ್ದುಬಸ್ತು ಮಾಡಿಸಿ, ಅಳತೆಗೆ ಸಿಕ್ಕಷ್ಟಕ್ಕೇ ಬೆಲೆ ಎಂದು ಕರಾರಿನಲ್ಲಿ ಬರೆಸಿ.

ಎರಡನೆಯದು, ಬೇಲಿಯೊಳಗಿರುವುದೆಲ್ಲ ಮಾರುವವರದೇ ಆಗಿರಬೇಕಿಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಗ ಜಮೀನಿನ ಪಕ್ಕದ ಕುಮ್ಕಿ ಸರ್ಕಾರಿ ಭೂಮಿ; ಸೊಪ್ಪು ಸೌದೆಯ ಸವಲತ್ತು ಮಾತ್ರ ಪಕ್ಕದವರದು. ಅದರಲ್ಲಿ ಎಷ್ಟೇ ಹಳೆಯ ತೆಂಗಿದ್ದರೂ ಮಾರಾಟಪತ್ರಕ್ಕೆ ಬರುವುದಿಲ್ಲ. ಪಹಣಿಯಲ್ಲಿ ‘ಬಿ’ ಖರಾಬು ಎಂದು ತೋರಿಸಿದ್ದು ದಾರಿ, ತೋಡುಗಳಂಥ ಸಾರ್ವಜನಿಕ ಜಾಗ. ಗ್ರಾಮ ನಕ್ಷೆ ತೆಗೆಸಿ, ನಕಾಶೆ ಕಂಡ ದಾರಿ ನಿಮ್ಮ ಮನೆಯವರೆಗೆ ಬರುತ್ತದೆಯೋ ಅಥವಾ ಯಾರದೋ ಗದ್ದೆಯಂಚಿನ ಮೇಲೆ ಅವರ ಒಳ್ಳೆಯತನದಿಂದ ನಡೆದಿದೆಯೋ ನೋಡಿ. ಜಮೀನು ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ್ದಾದರೆ ಮಂಜೂರಾತಿ ಆದೇಶ ಓದದೆ ಮುಂದುವರಿಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಮೂಲ ಮಂಜೂರುದಾರರಿಗೆ ಮರಳುತ್ತದೆ. 2023ರ ತಿದ್ದುಪಡಿಯ ನಂತರ ಅದಕ್ಕೆ ಕಾಲಮಿತಿಯೂ ಇಲ್ಲ.

ಮೂರನೆಯದು ಕರಾವಳಿ ನಿಯಂತ್ರಣ ವಲಯ. ಅದು ಕಡಲ ತೀರಕ್ಕೆ ಮಾತ್ರ ಎಂಬ ಭಾವನೆ ಹಲವರಲ್ಲಿದೆ. ಭರತದ ಉಪ್ಪು ನೀರು ಎಷ್ಟು ದೂರ ಹೊಳೆಯೊಳಗೆ ಬರುತ್ತದೋ ಅಲ್ಲಿಯವರೆಗೆ ಹೊಳೆಯ ಎರಡೂ ದಂಡೆಗೆ ಅದು ಅನ್ವಯ. 2011ರ ಅಧಿಸೂಚನೆಯಲ್ಲಿ ಭರತದ ಗೆರೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟಿತ್ತು; 2019ರದ್ದು ಅದನ್ನು 50 ಮೀಟರಿಗೆ ಇಳಿಸಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಯೋಚನೆಯಿದ್ದರೆ ಮೊದಲೇ ಜಿಲ್ಲೆಯ ಕಚೇರಿಯಲ್ಲಿ ವಿಚಾರಿಸಿ. ಆದರೆ ಈ ನಿಯಮ ಲೆಕ್ಕ ಹಾಕುವುದು ದೂರವನ್ನು. ಗೆರೆಯ ಹೊರಗಿದೆ, ಪರವಾನಗಿ ಸಿಕ್ಕಿದೆ ಎಂದ ಮಾತ್ರಕ್ಕೆ ಜಾಗ ನೆರೆಗೆ ಸಿಗದು ಎಂದಲ್ಲ.

ಮನೆಯ ಪಂಚಾಯಿತಿ ದಾಖಲೆಯಲ್ಲಿ ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ಕೇಳಿ. ಭೂಪರಿವರ್ತನೆಯಾಗದ ಜಾಗದಲ್ಲಿ ಕಟ್ಟಿದ, 11ಬಿ ಮಾತ್ರ ಇರುವ ಮನೆಗೂ ತೆರಿಗೆ ರಸೀದಿ ಸಿಗುತ್ತದೆ. ತೆರಿಗೆ ಕಟ್ಟುವುದು ಬೇರೆ, ಮನೆ ಸಕ್ರಮವಾಗಿರುವುದು ಬೇರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬ್ಯಾಂಕು ಸಾಲ ಮಂಜೂರು ಮಾಡಿತು, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳುವುದು ಮೊದಲ ತಪ್ಪು. ಬ್ಯಾಂಕಿನ ವಕೀಲರು ನೋಡುವುದು ಹಕ್ಕುಪತ್ರವನ್ನು, ಬಿದಿರು ಮೆಳೆಯನ್ನಲ್ಲ. ಎರಡನೆಯದು ವಿದೇಶದಲ್ಲಿರುವವರಿಗೆ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದು ನಿಜ. ಆದರೆ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವುದಕ್ಕೆ ವಿದೇಶಿ ವಿನಿಮಯದ ಕಾನೂನಿನಲ್ಲಿ ಅವಕಾಶವಿಲ್ಲ. ಪಿತ್ರಾರ್ಜಿತವಾಗಿ ಬರಬಹುದು ಅಷ್ಟೆ. ಅಡಿಕೆ ತೋಟದ ನಡುವಿನ ಮನೆಗೆ ಕುವೈತಿನಿಂದ ಮುಂಗಡ ಕಳಿಸುವ ಮೊದಲು ಇದನ್ನು ನೋಡಿಕೊಳ್ಳಿ. ಮೂರನೆಯದು ಒಂದೇ ಸಲ ನೋಡಿ ಒಪ್ಪುವುದು. ಚಳಿಗಾಲದಲ್ಲಿ ಮನೆ ಮೆಚ್ಚಿದರೆ ಕರಾರಿಗೆ ಮಳೆಗಾಲ ದಾಟುವಷ್ಟು ಅವಧಿ ಇಟ್ಟುಕೊಳ್ಳಿ, ಜುಲೈನ ಒಂದು ದೊಡ್ಡ ಮಳೆಯ ಮರುದಿನ ಬಂದು ನೋಡಿ. ಮಾರುವವರು ಒಪ್ಪದಿದ್ದರೆ ಏಕೆ ಒಪ್ಪುತ್ತಿಲ್ಲವೆಂದು ಯೋಚಿಸಿ.

ಕೊಂಡ ಮೇಲೆ

ಹೊಳೆಯ ಮೇಲ್ಬದಿಯ ಊರಿನ ಇಬ್ಬರ ಫೋನ್ ನಂಬರು ನಿಮ್ಮಲ್ಲಿರಲಿ. ಉಪ್ಪಿನಂಗಡಿಯಲ್ಲಿ ನೀರು ಏರಿದ ಸುದ್ದಿ ಬಂಟ್ವಾಳದವರಿಗೆ ಇಂದಿಗೂ ಮೊದಲು ಮುಟ್ಟುವುದು ಇಂಥ ಫೋನಿನಿಂದಲೇ. ಅಣೆಕಟ್ಟಿನ ಕೆಳಗಿನವರಾದರೆ ಪಂಚಾಯಿತಿಯ ಧ್ವನಿವರ್ಧಕ, ವಾಟ್ಸ್ಆ್ಯಪ್ ಗುಂಪು ಎರಡಕ್ಕೂ ಕಿವಿಗೊಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಊರಿನ ತೋಡು ಬಿಡಿಸುವ ಕೆಲಸ, ಕಟ್ಟ ಕಟ್ಟುವ ಕೆಲಸಕ್ಕೆ ಹೋಗಿ. ನೀರು ಬಂದ ರಾತ್ರಿ ದೋಣಿ ತರುವವರು ಅಲ್ಲಿ ಪರಿಚಯವಾಗುತ್ತಾರೆ.

ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳು ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಯೂ ಭೂಕುಸಿತವೂ ಸೇರಿವೆ. ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷ ರೂಪಾಯಿ ಮಿತಿಯೊಳಗೆ, ಮನೆಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಮನೆಯ ಒಳಗಿನ ಫೋಟೋಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆದು ಫೋನಿನ ಹೊರಗೆ ಇನ್ನೊಂದು ಕಡೆ ಇಟ್ಟಿರಿ.

ನೀರು ಅಂಗಳಕ್ಕೆ ಬಂತೆಂದರೆ ಮೊದಲು ಮೇನ್ ಸ್ವಿಚ್ ಆರಿಸಿ, ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರನ್ನು ಕಿಟಕಿಯ ಸರಳಿಗೆ ಕಟ್ಟಿ. ತೇಲಿದ ಸಿಲಿಂಡರ್ ಬಾಗಿಲು ಒಡೆಯಬಲ್ಲದು. ನೀರು ಇಳಿದ ಮೇಲೆ ದಂಡೆಯ ಅಂಚಿಗೆ ಎರಡು ದಿನ ಯಾರೂ ಹೋಗಬೇಡಿ. ಬಾವಿಯನ್ನು ಪೂರ್ತಿ ಬರಿದು ಮಾಡಲು ಆತುರಪಡಬೇಡಿ, ಸುತ್ತಲ ನೆಲ ನೀರು ತುಂಬಿ ನಿಂತಿರುವಾಗ ಒಳಗಿನ ಕಟ್ಟು ಕುಸಿಯಬಹುದು. ಬ್ಲೀಚಿಂಗ್ ಪುಡಿ ಹಾಕಿಸಿ, ಪಂಚಾಯಿತಿಯ ಪರೀಕ್ಷಾ ಬಾಟಲಿಯಲ್ಲಿ ನೀರು ಕಪ್ಪಾಗುವುದು ನಿಲ್ಲುವವರೆಗೆ ಕುದಿಸಿಯೇ ಕುಡಿಯಿರಿ. ಕೆಸರು ತೆಗೆಯುವಾಗ ಕಾಲಿಗೆ ಗಂಬೂಟು ಇರಲಿ. ಎರಡು ವಾರದೊಳಗೆ ಜ್ವರ, ಮೀನಖಂಡದ ನೋವು ಕಂಡರೆ ಇಲಿ ಜ್ವರ ಇರಬಹುದು ಎಂದು ವೈದ್ಯರಿಗೆ ನೆರೆಯ ವಿಷಯವನ್ನು ತಪ್ಪದೆ ಹೇಳಿ. ಒದ್ದೆ ಗೋಡೆಗೆ ಕೂಡಲೇ ಬಣ್ಣ ಹೊಡೆಯಬೇಡಿ, ಮುರಕಲ್ಲು ಒಣಗಲು ತಿಂಗಳುಗಳು ಬೇಕು. ಬಣ್ಣ ಹೊಡೆಯುವ ಮೊದಲು ನೀರು ನಿಂತ ಗೆರೆಯನ್ನು ಉಳಿಯಿಂದ ಗೋಡೆಯಲ್ಲಿ ಕೊರೆದು, ತಿಂಗಳು, ಇಸವಿ ಬರೆಸಿಡಿ.